ಕಛೇರಿಯ ಹಣ ಯಾರಿಗೆ?

ಮಳೆಗಾಲ ಬಂದರೆ ನಂಜನಗೂಡಿನ ಹಳಬರು ಆಕಾಶ ನೋಡುವುದಕ್ಕಿಂತ ಹೆಚ್ಚಾಗಿ ಹದಿನಾರು ಕಾಲು ಮಂಟಪವನ್ನು ನೋಡುತ್ತಾರೆ. ಕಪಿಲೆಯ ಸ್ನಾನಘಟ್ಟದ ಬಳಿ ನಿಂತಿರುವ ಆ ಮಂಟಪದ ಕಂಬಗಳು ಎಷ್ಟು ಮುಳುಗಿವೆ ಎಂಬುದೇ ಊರಿನವರ ಅಳತೆಗೋಲು. ಬುಡಕ್ಕೆ ನೀರು ಬಂದರೆ ಮಾಮೂಲು. ನೀರು ಕಂಬ ಹತ್ತತೊಡಗಿದರೆ ತೋಪಿನ ಬೀದಿ, ಹಳ್ಳದಕೇರಿಯ ಮನೆಗಳಲ್ಲಿ ಪಾತ್ರೆ ಪರಟೆ, ಅಕ್ಕಿ ಮೂಟೆ ಅಟ್ಟ ಸೇರುತ್ತವೆ. 2019ರ ಆಗಸ್ಟ್ ತಿಂಗಳಿನಲ್ಲಿ ಆ ಮಂಟಪವೇ ನೀರಿನಲ್ಲಿ ಅಡಗಿತು. ಪರಶುರಾಮ ದೇವಸ್ಥಾನದ ಸುತ್ತ ನೀರು ನಿಂತಿತು. ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೆ ಹೊಳೆ ಹರಿದು ಮೈಸೂರು-ನಂಜನಗೂಡು ನಡುವಣ ಸಂಚಾರ ನಿಂತುಹೋಯಿತು. ಸುತ್ತೂರಿನ ಸೇತುವೆ ಮುಳುಗಿತು. ತಗ್ಗು ಪ್ರದೇಶದ ಸಂಸಾರಗಳು ಮಕ್ಕಳು ಮರಿಗಳೊಡನೆ ಗಂಜಿಕೇಂದ್ರ ಸೇರಿದವು.

ಕೆಳಗೆ ತಿರುಮಕೂಡಲು ನರಸೀಪುರದ ಪಾಡು ಇನ್ನೊಂದು ಬಗೆಯದು. ಅಲ್ಲಿ ಕಪಿಲೆ ಬಂದು ಕಾವೇರಿಯನ್ನು ಕೂಡುತ್ತಾಳೆ. 1989ರಿಂದ ಕುಂಭಮೇಳ ನಡೆದು ಬಂದಿರುವ ಪುಣ್ಯಸ್ಥಳವೆಂದು ಸಂಗಮ ಪ್ರಸಿದ್ಧ. ಆದರೆ ಕಬಿನಿ ಅಣೆಕಟ್ಟಿನ ಬಾಗಿಲೂ ಕೃಷ್ಣರಾಜಸಾಗರದ ಬಾಗಿಲೂ ಒಟ್ಟಿಗೆ ತೆರೆದ ದಿನ ಎರಡು ನದಿಗಳ ಪಾಲೂ ಅಲ್ಲಿಗೇ ಬಂದು ಬೀಳುತ್ತದೆ. ಗುಂಜಾ ನರಸಿಂಹಸ್ವಾಮಿಯ ಸನ್ನಿಧಿಯಿಂದ ತಲಕಾಡಿನವರೆಗೆ ದಡದ ಗದ್ದೆಗಳ ಭತ್ತದ ಪೈರು ನೀರಿನಡಿ ಸೇರುತ್ತದೆ.

ಲೆಕ್ಕ ಬಲ್ಲ ವಿದ್ಯಾರ್ಥಿಗಳಿಗೆ ಇಲ್ಲೊಂದು ಅಭ್ಯಾಸವಿದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್ ನೀರು. 2019ರಲ್ಲಿ ಕಬಿನಿಯಿಂದ ಹೊರಬಿಟ್ಟದ್ದು ಲಕ್ಷ ಕ್ಯೂಸೆಕ್ ಮೀರಿತ್ತು. ದಿನಕ್ಕೆ 86,400 ಸೆಕೆಂಡುಗಳು. ಲಕ್ಷ ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ 8.64 ಟಿಎಂಸಿ ಆಗುತ್ತದೆ. ಕಬಿನಿ ಜಲಾಶಯದ ಒಟ್ಟು ಸಾಮರ್ಥ್ಯವೇ 19.52 ಟಿಎಂಸಿ. ಬರಿದಾದ ಜಲಾಶಯವನ್ನು ತುಂಬಲು ಅಷ್ಟು ಹರಿವಿಗೆ ಎರಡೂಕಾಲು ದಿನ ಸಾಕು. ಆಗಸ್ಟ್ ವೇಳೆಗೆ ಜಲಾಶಯ ಬರಿದಾಗಿರುವುದೂ ಇಲ್ಲ. ಸಾಮಾನ್ಯವಾಗಿ ಕಂಠಮಟ್ಟ ತುಂಬಿ ನಿಂತಿರುತ್ತದೆ. ಆದ್ದರಿಂದ ವಯನಾಡಿನಲ್ಲಿ ಬಿದ್ದ ಮಳೆಯನ್ನು ಅಣೆಕಟ್ಟು ಹಿಡಿದಿಟ್ಟುಕೊಳ್ಳಲಾರದು. ಬಂದಷ್ಟನ್ನೂ ಕೆಳಕ್ಕೆ ಸಾಗಹಾಕಬೇಕು. ವಯನಾಡಿನ ಮಳೆ ನಂಜನಗೂಡಿನ ನೆರೆ ಎಂದರೆ ತಪ್ಪಾಗಲಾರದು.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದಾಗ ಕಪಿಲೆಯ ದಡದವರು ಬೆಚ್ಚಿದ್ದು ಈ ಕಾರಣಕ್ಕೂ ಹೌದು. ಹಾಗೆ ನೋಡಿದರೆ ಚೂರಲ್‌ಮಲೆಯ ನೀರು ಪಶ್ಚಿಮಕ್ಕೆ ಇಳಿದು ಚಾಲಿಯಾರ್ ನದಿ ಸೇರುತ್ತದೆ. ಅದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಿನ ನೀರು ಮಾತ್ರ ಪೂರ್ವಕ್ಕೆ ತಿರುಗಿ ಕಬಿನಿಯಾಗುತ್ತದೆ. ನೀರಿನ ಹನಿ ಬೆಟ್ಟದ ನೆತ್ತಿಯಲ್ಲಿ ಯಾವ ಕಡೆಗೆ ಉರುಳಿತು ಎಂಬುದರ ಮೇಲೆ ಒಂದು ಊರಿಗೆ ಮರಣ, ಇನ್ನೊಂದು ಊರಿಗೆ ಮನೆಯೊಳಗೆ ಮೊಣಕಾಲುದ್ದ ನೀರು. ಆಗ ಕರ್ನಾಟಕ ಸರ್ಕಾರ ವಯನಾಡಿನ ಸಂತ್ರಸ್ತರಿಗೆ 100 ಮನೆ ಕಟ್ಟಿಕೊಡುವುದಾಗಿ ಘೋಷಿಸಿತು.

ಇಂಥ ಪ್ರತಿಯೊಂದು ವಿಪತ್ತಿನ ಬೆನ್ನಿಗೂ ಒಂದು ಪ್ರಶ್ನೆ ಹುಟ್ಟುತ್ತದೆ: ಹೆಸರುವಾಸಿ ಹಾಡುಗಾರರು, ವಾದಕರು ಏನು ಕೊಟ್ಟರು? ಒಂದು ಕಛೇರಿಗೆ ಲಕ್ಷಗಟ್ಟಲೆ ಪಡೆಯುವವರು ಒಂದು ದಿನದ ಗಳಿಕೆಯನ್ನಾದರೂ ಸಂತ್ರಸ್ತರಿಗೆ ಕೊಡಬೇಡವೇ? ಶಾಲೆಗಳ ಚರ್ಚಾಸ್ಪರ್ಧೆಗೆ ಹೇಳಿ ಮಾಡಿಸಿದ ವಿಷಯವಿದು. ಪರವಾಗಿ ಮಾತನಾಡುವವರಿಗೆ ಚಪ್ಪಾಳೆ ಖಚಿತ. ವಿರೋಧ ಪಕ್ಷ ಸಿಕ್ಕ ಬಡಪಾಯಿ ವಿದ್ಯಾರ್ಥಿ ಮಾತ್ರ ಮನೆಗೆ ಹೋಗಿ ತಲೆ ಕೆರೆದುಕೊಳ್ಳಬೇಕು. ಅವನ ಪಕ್ಷದಲ್ಲೂ ತಿರುಳಿದೆ ಎಂಬುದು ಸ್ವಲ್ಪ ಯೋಚಿಸಿದರೆ ಗೊತ್ತಾಗುತ್ತದೆ.

ಮೊದಲು ಪರಂಪರೆಯ ಮಾತು. ಕಲೆಯ ಗಳಿಕೆಯನ್ನು ಊರ ಕೆಲಸಕ್ಕೆ ಕೊಡುವುದು ಕನ್ನಡ ನಾಡಿಗೆ ಹೊಸದಲ್ಲ. ಕಂಪನಿ ನಾಟಕಗಳ ಕಾಲದಲ್ಲಿ ಊರಿಗೆ ಬಂದ ಮಂಡಲಿ ಬೀಡು ಕೀಳುವ ಮುನ್ನ ಒಂದು 'ಸಹಾಯಾರ್ಥ' ಆಟ ಆಡುವುದಿತ್ತು. ಆ ದಿನದ ವಸೂಲಿ ಶಾಲೆಯ ಕಟ್ಟಡಕ್ಕೋ ದೇವಸ್ಥಾನದ ಜೀರ್ಣೋದ್ಧಾರಕ್ಕೋ ಹೋಗುತ್ತಿತ್ತು. ಮೈಸೂರಿನಲ್ಲಿ ಆಸ್ಥಾನ ವಿದ್ವಾಂಸ ಬಿಡಾರಂ ಕೃಷ್ಣಪ್ಪನವರು ತಮ್ಮ ಸಂಗೀತದ ಗಳಿಕೆಯನ್ನೇ ಸುರಿದು ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ಅನಂತರ ಪುಟ್ಟರಾಜ ಗವಾಯಿಗಳು ಹಾಡಿ, ನಾಟಕ ಆಡಿಸಿ ಅಂಧ ವಿದ್ಯಾರ್ಥಿಗಳಿಗೆ ಅನ್ನ, ವಿದ್ಯೆ ಎರಡನ್ನೂ ಒದಗಿಸಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಗಾಜನೂರಿನಿಂದ ಹೊರಟು ನಾಡಿಗೇ ಅಣ್ಣನೆನಿಸಿದ ಡಾ. ರಾಜ್‌ಕುಮಾರ್ ಸಹಾಯಾರ್ಥ ರಸಮಂಜರಿ ಕಾರ್ಯಕ್ರಮಗಳಲ್ಲಿ ಹಾಡಿದ್ದನ್ನು ಈ ಸೀಮೆಯ ಹಿರಿಯರು ಇಂದಿಗೂ ನೆನೆಯುತ್ತಾರೆ.

ಈ ವಿಷಯದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ಹೆಸರನ್ನು ಬಿಟ್ಟು ಮಾತು ಮುಂದುವರಿಯದು. 1944ರಲ್ಲಿ ಕಸ್ತೂರ್ಬಾ ಸ್ಮಾರಕ ನಿಧಿಗಾಗಿ ಹಾಡಿದ್ದು ಮೊದಲುಗೊಂಡು ಅವರು ನಡೆಸಿದ ಸಹಾಯಾರ್ಥ ಕಛೇರಿಗಳು ಇನ್ನೂರಕ್ಕೂ ಹೆಚ್ಚು. 1974ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಸಾರ್ವಜನಿಕ ಸೇವೆಯ ವಿಭಾಗದಲ್ಲಿ ಎಂಬುದನ್ನು ಮಕ್ಕಳು ಗಮನಿಸಬೇಕು. ಆದರೆ ಆ ಕಥೆಯ ಇನ್ನೊಂದು ಪುಟವನ್ನು ಭಾಷಣಕಾರರು ಓದುವುದಿಲ್ಲ. ಕೊಡುತ್ತಲೇ ಬಂದ ಆ ದಂಪತಿಗೆ ಮುಂದೊಂದು ದಿನ ಹಣದ ಮುಗ್ಗಟ್ಟು ಬಂತು. ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಬಂದರು. ಅವರಿಗೆ ನೆರವಾಗಬೇಕೆಂದೇ ತಿರುಪತಿ ದೇವಸ್ಥಾನದವರು ಧ್ವನಿಮುದ್ರಣದ ಯೋಜನೆಯೊಂದನ್ನು ರೂಪಿಸಿದರು. ಅದೇ ಬಾಲಾಜಿ ಪಂಚರತ್ನಮಾಲೆ. ದಾನ ಮಾಡಿದ ಕೈಗೂ ನಾಳೆ ಅಕ್ಕಿ ಬೇಕು.

ಅಷ್ಟು ದೊಡ್ಡ ಹೆಸರಿನವರ ಗತಿಯೇ ಹೀಗಾದರೆ ಹೆಸರಿಲ್ಲದವರದೇನು? ಇಲ್ಲಿ ತಿರುಮಕೂಡಲಿನ ಮಗನೊಬ್ಬನನ್ನು ನೆನೆಯುವುದು ಸರಿ. ಪಿಟೀಲು ಚೌಡಯ್ಯನವರು ಹುಟ್ಟಿದ್ದು ಇದೇ ಸಂಗಮದ ದಡದಲ್ಲಿ. ಬಿಡಾರಂ ಕೃಷ್ಣಪ್ಪನವರಲ್ಲಿ ವರ್ಷಗಟ್ಟಲೆ ಕಠಿಣ ಶಿಷ್ಯವೃತ್ತಿ ನಡೆಸಿದರು. 1957ರಲ್ಲಿ ಮದ್ರಾಸಿನ ಸಂಗೀತ ಕಲಾನಿಧಿ ಬಿರುದು ಪಡೆದರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ ಅವರ ಹೆಸರಿನದು. ಇಷ್ಟೆಲ್ಲ ಇದ್ದರೂ ಅವರು ಬಾಳಿನ ಬಹುಭಾಗ ಪಕ್ಕವಾದ್ಯಗಾರರು. ಯಾರದೋ ಹೆಸರಿನ ಕಛೇರಿಯಲ್ಲಿ ಎಡಗಡೆ ಕುಳಿತು ನುಡಿಸಿದವರು. ಧ್ವನಿವರ್ಧಕ ಬಳಕೆಗೆ ಬಾರದ ಆ ಕಾಲದಲ್ಲಿ ಪಿಟೀಲಿನ ನಾಲ್ಕು ತಂತಿಗಳ ನಾದ ದೊಡ್ಡ ಸಭೆಯ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಮೂರು ತಂತಿ ಹೆಚ್ಚಿಸಿ, ಸ್ವರಕ್ಕೆ ಅದರದೇ ಕೆಳಸ್ಥಾಯಿಯ ಜೊತೆ ಕೊಟ್ಟು ನಾದವನ್ನು ತುಂಬಿಸಿದರು. ಒಂದೇ ಸ್ವರದ ಎರಡು ಸ್ಥಾಯಿಗಳು ಕೂಡಿದಾಗ ಧ್ವನಿ ಏಕೆ ದಪ್ಪಗಾಗುತ್ತದೆ ಎಂಬುದನ್ನು ಭೌತಶಾಸ್ತ್ರದ ಕಂಪನದ ಪಾಠ ಓದುವವರು ವಿವರಿಸಬಲ್ಲರು. ಪಕ್ಕದಲ್ಲಿ ಕುಳಿತವನ ನಾದ ಹಿಂದಿನ ಸಾಲಿನವನಿಗೂ ಕೇಳಲಿ ಎಂಬ ಹಟ ಅದು.

ಈಗ ಚರ್ಚೆಗೆ ಬರೋಣ. 'ಕಛೇರಿಯ ಹಣವನ್ನೆಲ್ಲ ಪರಿಹಾರ ನಿಧಿಗೆ ಕೊಟ್ಟರು' ಎಂಬ ವಾಕ್ಯದಲ್ಲಿ 'ಎಲ್ಲ' ಎಂಬುದರೊಳಗೆ ಯಾರು ಯಾರ ಪಾಲು ಸೇರಿದೆ? ಹಾಡಿದವರು ಪ್ರಸಿದ್ಧರು, ತಮ್ಮ ಸಂಭಾವನೆ ಬಿಟ್ಟಾರು. ಮೃದಂಗದವರು, ಪಿಟೀಲಿನವರು, ತಂಬೂರಿ ಮೀಟಿದ ಹುಡುಗಿ, ಮೈಕಿನವನು, ವೇದಿಕೆಗೆ ಚಾಪೆ ಹಾಸಿದವನು, ಇವರನ್ನೆಲ್ಲ ಕೇಳಿದರೆ? ಸುದ್ದಿ ಬರುವುದು ಒಬ್ಬರ ಹೆಸರಿನಲ್ಲಿ, ಕೂಲಿ ಹೋಗುವುದು ಹತ್ತು ಜನರದು ಎಂದಾದರೆ ಅದನ್ನು ದಾನವೆನ್ನಲು ನಾಲಿಗೆ ಏಳದು. 2020ರಲ್ಲಿ ಕೊರೊನಾ ಬಂದು ಸಭೆ, ಜಾತ್ರೆ, ಮದುವೆಗಳೆಲ್ಲ ನಿಂತಾಗ ನಾಗಸ್ವರದವರು, ಡೋಲಿನವರು, ಆರ್ಕೆಸ್ಟ್ರಾದವರು ತಾವೇ ಸಂತ್ರಸ್ತರಾದರು. 2021ರ ಲಾಕ್‌ಡೌನ್ ವೇಳೆ ರಾಜ್ಯ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ಪರಿಹಾರ ಘೋಷಿಸಬೇಕಾಯಿತು. ಗಾಯಕ ಟಿ.ಎಂ. ಕೃಷ್ಣ ಅವರ ಸಂಸ್ಥೆ ಬಡ ಕಲಾವಿದರಿಗೆಂದೇ ನಿಧಿ ಕೂಡಿಸಿತು. ಕಲಾವಿದರೆಂದರೆ ಹಣವಂತರು ಎಂಬ ಎಣಿಕೆ ಟೀವಿ ನೋಡಿ ಹುಟ್ಟಿದ್ದು. ಪಕ್ಕವಾದ್ಯದವರಿಗೂ ಕೆಲಸಗಾರರಿಗೂ ಪೂರ್ತಿ ಕೂಲಿ ಮೊದಲು, ಆಮೇಲೆ ದಾನ. ಈ ಕ್ರಮ ತಪ್ಪಬಾರದು.

ಆಗ ಉಳಿಯುವುದೆಷ್ಟು? ಒಂದು ಲೆಕ್ಕ ಹಾಕಿ ನೋಡಬಹುದು. ಸಾವಿರ ಆಸನಗಳ ಸಭಾಂಗಣ, ತಲೆಗೆ 500 ರೂಪಾಯಿ ಟಿಕೆಟ್, ಒಂದು ಕುರ್ಚಿಯೂ ಖಾಲಿಯಿಲ್ಲ ಎಂದಿಟ್ಟುಕೊಳ್ಳೋಣ. ವಸೂಲಿ 5 ಲಕ್ಷ. (500 ರೂಪಾಯಿವರೆಗಿನ ಸಂಗೀತದ ಟಿಕೆಟ್‌ಗೆ ಜಿಎಸ್‌ಟಿ ವಿನಾಯಿತಿ ಇದೆ, ಅದನ್ನು ದಾಟಿದರೆ ತೆರಿಗೆಯೂ ಸೇರುತ್ತದೆ.) ಬಾಡಿಗೆ, ಧ್ವನಿ, ಬೆಳಕು, ಅಚ್ಚು, ಪ್ರಯಾಣ, ಪಕ್ಕವಾದ್ಯ ಎಂದು 2 ಲಕ್ಷ ಕಳೆದರೆ ಮುಖ್ಯ ಕಲಾವಿದರು ಒಂದು ಕಾಸು ಮುಟ್ಟದಿದ್ದರೂ ಉಳಿದದ್ದು 3 ಲಕ್ಷ. ಇನ್ನು 2019ರ ನೆರೆಯ ನಷ್ಟ 35 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಎಂದು ರಾಜ್ಯ ಸರ್ಕಾರ ಅಂದಾಜು ಮಾಡಿತ್ತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಪರಿಹಾರ ಪ್ರಕಟಿಸಿತ್ತು. ಅಂದರೆ ಕಿಕ್ಕಿರಿದ ಒಂದು ಕಛೇರಿಯ ಉಳಿಕೆಯಲ್ಲಿ ಒಂದು ಮನೆಯೂ ಏಳುವುದಿಲ್ಲ.

ಇದನ್ನು ಕೇಳಿ ವಿರೋಧ ಪಕ್ಷದ ವಿದ್ಯಾರ್ಥಿ ಗೆದ್ದೆನೆಂದು ಕೈ ತಟ್ಟುವುದು ಬೇಡ. ಅದೇ 3 ಲಕ್ಷವನ್ನು ಮನೆಗೆ ಹಾಕದೆ ಮಕ್ಕಳಿಗೆ ಹಾಕಿದರೆ, ತಲಾ 2,000 ರೂಪಾಯಿಯಂತೆ 150 ಮಕ್ಕಳ ಪುಸ್ತಕ, ಚೀಲ, ಸಮವಸ್ತ್ರ ಆಯಿತು. ಹಳ್ಳದಕೇರಿಯಂಥ ಒಂದು ಬಡಾವಣೆಯ ಶಾಲಾಮಕ್ಕಳ ಪಾಲಿಗೆ ಅದು ಸಣ್ಣ ಮೊತ್ತವಲ್ಲ. ಸರ್ಕಾರದ ಪರಿಹಾರಕ್ಕೆ ನಿಯಮಗಳಿವೆ. ವಿಪತ್ತು ಪರಿಹಾರ ನಿಧಿಯ ನೂರು ರೂಪಾಯಿಯಲ್ಲಿ ನಮ್ಮಂಥ ರಾಜ್ಯಗಳಿಗೆ 75 ಕೇಂದ್ರದ್ದು, 25 ರಾಜ್ಯದ್ದು. ಯಾವ ನಷ್ಟಕ್ಕೆ ಎಷ್ಟು ಎಂಬ ಪಟ್ಟಿಯಿದೆ. ಆ ಪಟ್ಟಿಯಲ್ಲಿ ಬಿದ್ದ ಗೋಡೆಗೆ ದರವಿದೆ, ಸತ್ತ ಎಮ್ಮೆಗೆ ದರವಿದೆ. ಮನೆ ಪರಿಹಾರ ಬರುವುದು ಮನೆಯೊಡೆಯನಿಗೆ, ಬಾಡಿಗೆಗಿದ್ದವನಿಗಲ್ಲ. ಕೆಸರು ತುಂಬಿದ ಹೊಲಿಗೆ ಯಂತ್ರ, ನೆನೆದು ಉಬ್ಬಿದ ಪಠ್ಯಪುಸ್ತಕ, ಒದ್ದೆಯಾಗಿ ಅಕ್ಷರ ಅಳಿಸಿದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ನಕಲು ಪಡೆಯಲು ಅಲೆದಾಡುವ ಖರ್ಚು, ಇವಕ್ಕೆಲ್ಲ ದರಪಟ್ಟಿಯಲ್ಲಿ ಜಾಗ ಹುಡುಕುವುದು ಕಷ್ಟ. ಸಂಗೀತದ ಹಣ ಹೋಗಬೇಕಾದ್ದು ಇಂಥ ಸಂದಿಗಳಿಗೆ.

ಯಾವಾಗ ಹೋಗಬೇಕು ಎಂಬುದೂ ಮುಖ್ಯ. ನೆರೆ ಬಂದ ವಾರ ಅನ್ನ ಸಾಂಬಾರಿಗೆ ಕೊರತೆ ಬೀಳುವುದು ಕಡಿಮೆ. ಅಕ್ಕಪಕ್ಕದ ಊರಿನವರು, ಮಠಗಳು, ದೇವಸ್ಥಾನಗಳು ನೋಡಿಕೊಳ್ಳುತ್ತವೆ. 2018ರಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದಾಗ ನಾಡಿನ ಮೂಲೆಮೂಲೆಗಳಿಂದ ಸಾಮಗ್ರಿ ಹರಿದುಬಂದು ಬೇಕಾದ್ದಕ್ಕಿಂತ ಹೆಚ್ಚಾಗಿ ರಾಶಿ ಬಿತ್ತು. ಹಳೆ ಬಟ್ಟೆಯ ಮೂಟೆ ಕಳಿಸಿ ಕೈ ತೊಳೆದುಕೊಳ್ಳುವವರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಕಷ್ಟ ಶುರುವಾಗುವುದು ನಾಲ್ಕನೇ ತಿಂಗಳಲ್ಲಿ. ಕ್ಯಾಮೆರಾಗಳು ಹಿಂದಿರುಗಿರುತ್ತವೆ, ಗಂಜಿಕೇಂದ್ರ ಮುಚ್ಚಿರುತ್ತದೆ, ಕೈಸಾಲಕ್ಕೆ ಬಡ್ಡಿ ಏರುತ್ತಿರುತ್ತದೆ. ಕಛೇರಿ ನಡೆಸಲು ಹೇಗೂ ತಿಂಗಳೆರಡು ತಿಂಗಳು ಬೇಕು, ಟಿಕೆಟ್ ಮಾರಬೇಕು, ದಿನ ಹೊಂದಿಸಬೇಕು. ಆ ವಿಳಂಬ ಇಲ್ಲಿ ಗುಣವೇ ಆಗುತ್ತದೆ. ಆಗಸ್ಟ್‌ನ ನೆರೆಗೆ ಡಿಸೆಂಬರ್‌ನಲ್ಲಿ ಹಾಡಿದರೆ ತಡವಾಯಿತೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ.

ಜಗತ್ತಿಗೆ ಈ ಪಾಠ ಕಲಿಸಿದ್ದು 1971ರ ಆಗಸ್ಟ್ 1ರ ಭಾನುವಾರ. 1970ರ ನವೆಂಬರ್‌ನ ಚಂಡಮಾರುತ, ಅದರ ಬೆನ್ನಿಗೇ ಯುದ್ಧ, ಹೀಗೆ ನಲುಗಿದ ಬಂಗಾಳದ ನಿರಾಶ್ರಿತರಿಗಾಗಿ ಏನಾದರೂ ಮಾಡಬೇಕೆಂದು ಪಂಡಿತ್ ರವಿಶಂಕರ್ ತಮ್ಮ ಶಿಷ್ಯ, ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ನನನ್ನು ಕೇಳಿದರು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಂದೇ ದಿನ ಎರಡು ಕಾರ್ಯಕ್ರಮ, ಸುಮಾರು 40,000 ಶ್ರೋತೃಗಳು. ಸಿತಾರಿಗೆ ಸರೋದ್ ಜೊತೆ ಕೊಟ್ಟವರು ಅಲಿ ಅಕ್ಬರ್ ಖಾನ್, ತಬಲಾ ಅಲ್ಲಾ ರಖಾ. (ಆ ಅಲಿ ಅಕ್ಬರ್ ಖಾನರ ಶಿಷ್ಯರೇ ಮೈಸೂರಿನಲ್ಲಿ ನೆಲೆಸಿ 2024ರಲ್ಲಿ ತೀರಿಕೊಂಡ ಪಂಡಿತ್ ರಾಜೀವ ತಾರಾನಾಥರು.) ವಾದ್ಯಗಳ ಶ್ರುತಿ ಮಾಡಿಕೊಂಡದ್ದಕ್ಕೇ ಜನ ಕಛೇರಿಯೆಂದು ತಿಳಿದು ಚಪ್ಪಾಳೆ ಹೊಡೆದದ್ದು, ರವಿಶಂಕರ್ ನಗುತ್ತ ಅದಕ್ಕೆ ವಂದನೆ ಹೇಳಿದ್ದು ಆ ದಿನದ ಸ್ವಾರಸ್ಯ.

ಟಿಕೆಟ್‌ನಿಂದ ಬಂದ 2,43,418 ಡಾಲರ್ ಹಣ ಬೇಗನೆ ಯುನಿಸೆಫ್ ಕೈ ಸೇರಿತು. ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಮೊತ್ತ ಅನಂತರ ಬಂದ ಧ್ವನಿಮುದ್ರಿಕೆ, ಚಲನಚಿತ್ರಗಳದು. ಅದು ಮಾತ್ರ ಅಮೆರಿಕದ ತೆರಿಗೆ ಇಲಾಖೆಯ ಬಳಿ ಹತ್ತು ವರ್ಷದಷ್ಟು ಕಾಲ ಸಿಕ್ಕಿಹಾಕಿಕೊಂಡಿತು. ಕಾರಣ ಬಲು ಸಣ್ಣದು. ಕಾರ್ಯಕ್ರಮಕ್ಕೆ ಮೊದಲೇ ಅದನ್ನು ಸೇವಾ ಉದ್ದೇಶದ್ದೆಂದು ನೋಂದಾಯಿಸಿ ತೆರಿಗೆ ವಿನಾಯಿತಿ ಪಡೆದಿರಲಿಲ್ಲ. ಹಸಿದ ಮಗು ಹತ್ತು ವರ್ಷ ಕಾದರೆ ಅದು ಮಗುವಾಗಿಯೇ ಉಳಿದಿರುವುದಿಲ್ಲ. ಒಳ್ಳೆಯ ಮನಸ್ಸು, ಒಳ್ಳೆಯ ಸಂಗೀತ ಎರಡೂ ಇದ್ದು, ಒಂದು ಅರ್ಜಿ ಇರಲಿಲ್ಲ. ಪ್ರೌಢಶಾಲೆಯ ವಾಣಿಜ್ಯ ಅಧ್ಯಾಪಕರು ತರಗತಿಯಲ್ಲಿ ಹೇಳಲೇಬೇಕಾದ ಕಥೆಯಿದು.

ದಾನಕ್ಕೆ ಕಛೇರಿಯೇ ಏಕೆ ಬೇಕು ಎಂದೂ ಕೇಳಬಹುದು. 2018ರಲ್ಲಿ ಕೇರಳ ಮುಳುಗಿದಾಗ ಎ.ಆರ್. ರೆಹಮಾನ್ ಅಮೆರಿಕ ಪ್ರವಾಸದಲ್ಲಿದ್ದರು. ಆ ಪ್ರವಾಸದ ಕಲಾವಿದರೆಲ್ಲರ ಪರವಾಗಿ 1 ಕೋಟಿ ರೂಪಾಯಿ ಪ್ರಕಟಿಸಿದರು. ಹೊಸ ವೇದಿಕೆ ಕಟ್ಟಲಿಲ್ಲ, ಹೊಸ ಖರ್ಚು ಬರಲಿಲ್ಲ. ತಂಡದವರ ಹೆಸರೂ ಜೊತೆಗೆ ಬಂತು. ಇದು ಸರಳ ದಾರಿ. ಆದರೂ ಸಹಾಯಾರ್ಥ ಕಛೇರಿಗೆ ತನ್ನದೇ ಒಂದು ಬಲವಿದೆ. ಕಲಾವಿದನ ಜೇಬಿನಿಂದ ಬರುವುದು ಒಬ್ಬನ ಹಣ. ಟಿಕೆಟ್ ಕೊಂಡಾಗ ಸಾವಿರ ಜನ ಕೊಟ್ಟಂತಾಯಿತು. ಆ ಸಾವಿರ ಜನ ಒಂದು ಸಂಜೆಯಾದರೂ ತೋಪಿನ ಬೀದಿ ಎಲ್ಲಿದೆ, ಅಲ್ಲಿಗೆ ನೀರು ಏಕೆ ಬರುತ್ತದೆ ಎಂದು ಕೇಳಿಸಿಕೊಳ್ಳುತ್ತಾರೆ.

ಇನ್ನು ಉಳಿದದ್ದು 'ಕೊಡಲೇಬೇಕೇ' ಎಂಬ ಪ್ರಶ್ನೆ. ನಂಜನಗೂಡಿನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ತಂದೆಗೂ ಹತ್ತನೇ ತರಗತಿಯ ಮಗಳಿಗೂ ಊಟದ ಹೊತ್ತಿನಲ್ಲಿ ಈ ಮಾತು ಬಂದರೆ ಹೀಗೆ ನಡೆದೀತು:

"ಅಲ್ಲಾ ಕಣಪ್ಪ, ಅವರಿಗೆ ಒಂದು ಕಛೇರಿಗೆ ಲಕ್ಷಗಟ್ಲೆ ಬರುತ್ತಂತೆ. ಒಂದು ದಿನದ್ದು ಕೊಟ್ರೆ ಏನು ಕಳ್ಕೋತಾರೆ?"

"ಕೊಡ್ಲಿ ಕಣವ್ವ, ಬೇಡ ಅಂದೋರ್ಯಾರು? ನಾಳೆ ನಮ್ಮ ಅಂಗಡಿ ಮುಂದೆ ಹತ್ತು ಜನ ಬಂದು, ಒಂದಿನದ ಯಾಪಾರ ಪೂರ್ತಿ ಈ ಡಬ್ಬಿಗೆ ಹಾಕು ಅಂತ ನಿಂತ್ಕೊಂಡ್ರೆ ನೀನೇನಂತೀಯ?"

"ನಿನ್ನ ಅಂಗಡಿಗೆ ಟಿಕೆಟ್ ತಗೊಂಡು ಜನ ಬರಲ್ವಲ್ಲಪ್ಪ. ಅವರನ್ನ ದೊಡ್ಡೋರು ಮಾಡಿದ್ದು ಈ ಜನಾನೇ ಅಲ್ವಾ?"

"ಅದೂ ದಿಟವೇ. ಆದ್ರೂ ಕೇಳಿ ಇಸ್ಕೊಳ್ಳೋದು ಬೇರೆ, ಕತ್ತಿನ ಪಟ್ಟಿ ಹಿಡಿದು ಇಸ್ಕೊಳ್ಳೋದು ಬೇರೆ."

ಮಗಳ ಮಾತಿನಲ್ಲಿ ಸತ್ಯವಿದೆ. ಕೀರ್ತಿ ಎಂಬುದು ಕಲಾವಿದನೊಬ್ಬನ ಸಾಧನೆಯಿಂದಷ್ಟೇ ಬಂದದ್ದಲ್ಲ, ಕೇಳಿದವರು ಕೊಟ್ಟ ಸಾಲವೂ ಅದರಲ್ಲಿ ಸೇರಿದೆ. ಊರು ಕಷ್ಟದಲ್ಲಿದ್ದಾಗ ಆ ಸಾಲ ನೆನಪಾಗಬೇಕು. ಆದರೆ ತಂದೆಯ ಮಾತು ಇನ್ನೂ ತೂಕದ್ದು. ಪತ್ರಿಕೆಯಲ್ಲಿ ಪಟ್ಟಿ ಮಾಡಿ, ಯಾರು ಕೊಟ್ಟರು ಯಾರು ಕೊಡಲಿಲ್ಲ ಎಂದು ಬೆರಳು ತೋರಿಸಿ ಕಿತ್ತುಕೊಂಡರೆ ಅದು ದಂಡವಾಗುತ್ತದೆ. ಸದ್ದಿಲ್ಲದೆ ಕೊಟ್ಟವರ ಹೆಸರು ಆ ಪಟ್ಟಿಯಲ್ಲಿ ಇರುವುದೂ ಇಲ್ಲ. ಹೀಗಾಗಿ ಕಲಾವಿದ ಕೊಡಬೇಕೇ ಬೇಡವೇ ಎಂಬುದು ಅವನ ಮನಸ್ಸಿಗೆ ಬಿಟ್ಟದ್ದು. ಆದರೆ ಒಮ್ಮೆ ಟಿಕೆಟ್‌ನ ಮೇಲೆ 'ನೆರೆ ಸಂತ್ರಸ್ತರ ಸಹಾಯಾರ್ಥ' ಎಂದು ಅಚ್ಚಾಯಿತೋ, ಅಲ್ಲಿಂದ ಮುಂದೆ ಅದು ಅವನ ಮನಸ್ಸಿಗೆ ಬಿಟ್ಟದ್ದಲ್ಲ. ಟಿಕೆಟ್ ಕೊಂಡವನಿಗೆ ಲೆಕ್ಕ ಕೇಳುವ ಹಕ್ಕು ಬಂತು. ವಸೂಲಿ ಎಷ್ಟು, ಖರ್ಚು ಎಷ್ಟು, ಉಳಿದದ್ದು ಯಾವ ತಾರೀಕಿನಂದು ಯಾರಿಗೆ ಹೋಯಿತು ಎಂಬುದನ್ನು ಕಾರ್ಯಕ್ರಮದ ಜಾಹೀರಾತು ಬಂದ ಜಾಗದಲ್ಲೇ ಪ್ರಕಟಿಸಬೇಕು. ಸಂತ್ರಸ್ತರ ಹೆಸರು ಹೇಳಿ ಸಭಾಂಗಣ ತುಂಬಿಸಿ, ಖರ್ಚಿನಲ್ಲೇ ಎಲ್ಲ ಹೋಯಿತೆಂದು ಕೈ ಝಾಡಿಸುವವರಿಗಿಂತ ಏನೂ ಕೊಡದ ಗಾಯಕ ಮೇಲು.

ಸಂಗೀತದಿಂದ ಆಗದ ಕೆಲಸವೊಂದಿದೆ. ಅದನ್ನೂ ಹೇಳಿಬಿಡುವುದು ಒಳ್ಳೆಯದು. 1924ರ ಜುಲೈನಲ್ಲಿ ಕಾವೇರಿ ಕೊಳ್ಳವನ್ನೆಲ್ಲ ನಡುಗಿಸಿದ ಮಹಾಪೂರದಂಥದು ಶತಮಾನಕ್ಕೊಮ್ಮೆ ಬರುವ ವಿಪತ್ತು. ಕೇರಳದವರು ಅದನ್ನು ಇಂದಿಗೂ ತಮ್ಮ ಪಂಚಾಂಗದ ವರ್ಷದಿಂದ '99ರ ಪ್ರವಾಹ' ಎಂದೇ ಕರೆಯುತ್ತಾರೆ. ಆದರೆ 2018ರಲ್ಲಿ ಒಮ್ಮೆ, 2019ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಕಬಿನಿಯ ಬಾಗಿಲು ತೆರೆದಾಗಲೆಲ್ಲ ಅದೇ ತಗ್ಗಿಗೆ ನೀರಿನ ಭಯ ಎಂದಾದರೆ ಅದನ್ನು ಆಕಸ್ಮಿಕ ಎನ್ನಲಾಗದು. ಎಷ್ಟು ಕ್ಯೂಸೆಕ್‌ಗೆ ಯಾವ ಬೀದಿ ಎಂಬುದು ಮೊದಲೇ ಗೊತ್ತಿರುವ ಲೆಕ್ಕ. ಅಲ್ಲಿಯವರಿಗೆ ಎತ್ತರದಲ್ಲಿ ನಿವೇಶನ, ನದಿಯ ಅಂಚಿನಲ್ಲಿ ಹೊಸ ಕಟ್ಟಡಗಳಿಗೆ ತಡೆ, ಬಾಗಿಲು ತೆರೆಯುವ ಮುನ್ನ ಸಾಕಷ್ಟು ಹೊತ್ತಿನ ಎಚ್ಚರಿಕೆ, ಇವು ಸರ್ಕಾರ ಮತ್ತು ನಗರಾಡಳಿತದ ಕೆಲಸ. ಪ್ರತಿ ನೆರೆಗೂ ಒಂದು ಕಛೇರಿ ಏರ್ಪಡಿಸಿ, ಹೂಮಾಲೆ ಹಾಕಿ, ಚೆಕ್ ಹಸ್ತಾಂತರಿಸಿ ಚಿತ್ರ ತೆಗೆಸಿಕೊಳ್ಳುವುದು ಅದಕ್ಕೆ ಬದಲಿಯಾದರೆ ಹಾಡಿದವರಿಗೂ ಮೋಸ, ಮುಳುಗಿದವರಿಗೂ ಮೋಸ.

ಶಾಲೆಗಳಲ್ಲಿ ಮಕ್ಕಳೇ ಸಹಾಯಾರ್ಥ ಸಂಗೀತ ಸಂಜೆ ನಡೆಸುವುದುಂಟು. ನಡೆಸಲಿ, ಬಲು ಒಳ್ಳೆಯದು. ಟಿಕೆಟ್‌ಗಳಿಗೂ ರಸೀತಿ ಪುಸ್ತಕಗಳಿಗೂ ಕ್ರಮಸಂಖ್ಯೆ ಹಾಕಿಸಿ, ಯಾವ ವಿದ್ಯಾರ್ಥಿಗೆ ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಕೊಟ್ಟಿತೆಂದು ಬರೆದಿಡಬೇಕು. ಮನೆಯಿಂದ ಮನೆಗೆ ಹೋಗುವಾಗ ಜೊತೆಗೊಬ್ಬ ಹಿರಿಯರಿರಲಿ. ಹೆಚ್ಚು ಕೊಡಬಯಸುವ ಪೋಷಕರು ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಚೆಕ್ ಮೂಲಕವೋ ಬ್ಯಾಂಕ್ ಮೂಲಕವೋ ನೇರವಾಗಿ ಕೊಟ್ಟು ರಸೀತಿ ಇಟ್ಟುಕೊಂಡರೆ ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ರಿಯಾಯಿತಿಯಿದೆ. 2,000 ರೂಪಾಯಿ ಮೀರಿದ ನಗದಿಗೂ ಕೊಟ್ಟ ವಸ್ತುಗಳಿಗೂ ಅದು ಸಿಗದು. ಡಬ್ಬಿಯ ಚಿಲ್ಲರೆಯನ್ನು ಇಬ್ಬರು ಅಧ್ಯಾಪಕರ ಎದುರಿನಲ್ಲಿ ಎಣಿಸಿ, ಅಂದೇ ಬ್ಯಾಂಕಿಗೆ ಕಟ್ಟಿ, ಚಲನ್ನಿನ ಪ್ರತಿಯನ್ನೂ ಖರ್ಚಿನ ಪಟ್ಟಿಯನ್ನೂ ಶಾಲೆಯ ಸೂಚನಾ ಫಲಕಕ್ಕೆ ಅಂಟಿಸಬೇಕು. ಮಾರಾಟವಾಗದ ಟಿಕೆಟ್‌ಗಳನ್ನು ಹರಿದು ಬಿಸಾಡದೆ ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿ ಸಹಿ ಪಡೆಯುವುದು.